ಪಕ್ಕದಿಂದ ಬರೋ ಪಾಸ್ ಸಿಗದಿದ್ದ ಉದ್ದನ್ ಹುಡುಗ: ಕಲಬುರಗಿ ಕಡಿದೊಂದು ಪ್ರಕರಣ

ಈ ಪ್ರಕರಣ ಬರಿಯಾಕ ಹುಡುಗಂದೂ ಅವರಪ್ಪ ಅವ್ವಂದೂ ಒಪ್ಪಿಗಿ ಅದ, ಹೆಸರು ಮತ್ತ ಊರು ಮಾತ್ರ ಬ್ಯಾಡ ಅಂದಾರ, ಅದಕ್ಕ ಆಳಂದ ತಾಲೂಕಿನ ಹುಡುಗ ಅಂತಷ್ಟೇ ಇಟ್ಕೊಳ್ರಿ. ನಾ ಕಲಬುರಗಿ ಸಿಟ್ಯಾಗ ಒಂದು ಹೈಸ್ಕೂಲಿನ ಪಿಟಿ ಮಾಸ್ತರ್, ಮುಂಜಾನಿ ಬಾಸ್ಕೆಟ್‌ಬಾಲ್ ಕಲಿಸ್ತೀನಿ. ಭಾಳ ಉದ್ದ ಇರೋ ಹುಡುಗ ಕೋರ್ಟಿಗಿ ಬಂದ ಅಂದ್ರ ನಮ್ಮಂಥ ಕೋಚುಗಳ ಕಣ್ಣು ಮೊದ್ಲು ರಿಂಗಿನ ಕಡಿಗೇ ಹೋಗ್ತದ, ಹುಡುಗನ ಮೈ ಕಡಿ ಯಾರೂ ನೋಡಂಗಿಲ್ಲ. ಈ ಹುಡುಗನ ವಿಷಯದಾಗ ಎಲ್ಲರೂ ಭಾಗ್ಯ ಅಂತಿದ್ದ ಎತ್ತರಾನೇ ರೋಗ ಆಗಿತ್ತು, ಮತ್ತ ಅದನ್ನ ಒಪ್ಕೊಳ್ಳೋದು ಆಪರೇಷನ್‌ಗಿಂತ ಕಷ್ಟ ಆಯ್ತು. ಬ್ಯಾರೆ ಪಿಟಿ ಮಾಸ್ತರ್‌ಗಳು, ಉದ್ದನ್ ಮಕ್ಕಳಿರೋ ಅಪ್ಪ ಅವ್ವಂದಿರು ಇದನ್ನ ಪೂರಾ ಓದಬೇಕು ಅಂತ ನನ್ನ ಆಸೆ.

ಹುಡುಗ ನಮ್ ಸಾಲಿಗಿ ಬಂದಿದ್ದು 9ನೇ ಕ್ಲಾಸಿಗಿ. ಊರಾಗ 8ರ ತನಕ ಅಷ್ಟೇ ಇತ್ತು, ಹಂಗಾಗಿ ಸಿಟ್ಯಾಗ ಸೋದರಮಾವನ ಮನ್ಯಾಗ ಇದ್ಕೊಂಡು ಓದಾಕ ಬಂದಿದ್ದ. ಆವಾಗ ವಯಸ್ಸು 14 ದಾಟಿ ಆರೇಳು ತಿಂಗಳು, ಎತ್ತರ 189 ಸೆಂಟಿಮೀಟರ್, ಅಂದ್ರ 6 ಅಡಿ 2 ಇಂಚಿನ ಮ್ಯಾಲ. ಕ್ಲಾಸಿನ ಬೆಂಚಿನ ಕೆಳಗ ಮಂಡಿ ಹೋಗ್ತಿದ್ದಿಲ್ಲ, ಕಡೀ ಸಾಲಿನ್ಯಾಗ ಅಡ್ಡಾಗಿ ಕೂಡ್ತಿದ್ದ. ಸೂಪರ್ ಮಾರ್ಕೆಟ್‌ನ ಬೂಟಿನ ಅಂಗಡಿ ಎಲ್ಲಾ ತಿರುಗಿದ್ರೂ ಅವನ ಕಾಲಿಗಿ ಆಗೋ ಬೂಟ್ ಸಿಗಲಿಲ್ಲ, ಸಿಕ್ಕಿದ್ದನ್ನೇ ಹಿಮ್ಮಡಿ ತುಳ್ಕೊಂಡು ಹಾಕ್ಕೊತಿದ್ದ. ಹುಡುಗ್ರು ಲಂಬೂ ಅಂತಿದ್ರು, ಮಾಸ್ತರ್‌ಗಳೂ ಅದೇ ಹೆಸರಿಲೆ ಕರಿತಿದ್ರು. ಬಾಸ್ಕೆಟ್‌ಬಾಲ್ ಅಂದ್ರ ಏನು ಅಂತ ಅವಂಗ ಗೊತ್ತೇ ಇದ್ದಿಲ್ಲ, ಊರಾಗ ಆಡ್ತಿದ್ದಿದ್ದು ಕಬಡ್ಡಿ ಮತ್ತ ವಾಲಿಬಾಲ್. ನಾನೇ ಕರ್ದು ಚೆಂಡು ಕೈಯಾಗ ಕೊಟ್ಟೆ.

ಮುಂದಿನ ವರ್ಷ ಜುಲೈನ್ಯಾಗ ಅಳದಾಗ 201 ಸೆಂಟಿಮೀಟರ್, 6 ಅಡಿ 7 ಇಂಚು. ಹದಿಮೂರು ತಿಂಗಳಿನ್ಯಾಗ 12 ಸೆಂಟಿಮೀಟರ್.

ಅದೇ ಸೀಸನ್‌ನ್ಯಾಗ ಚಂದ್ರಶೇಖರ ಪಾಟೀಲ ಸ್ಟೇಡಿಯಂನ್ಯಾಗ ಆಡೋವಾಗ ಹೊರ ರಾಜ್ಯದ ಒಂದು ಅಕಾಡೆಮಿ ಕಡಿಯವ್ರೊಬ್ರು ಇವನ್ನ ನೋಡಿದ್ರು. ಆವತ್ತೇ ಮಾವನ ಮನಿಗಿ ಹೋಗಿ, ಹಾಸ್ಟೆಲ್ಲು ಊಟ ಸಾಲಿ ಎಲ್ಲಾ ಫ್ರೀ, ಹುಡುಗನ್ನ ಈಗ್ಲೇ ಕಳಸ್ರಿ, ಇನ್ನೆರಡು ವರ್ಷದಾಗ 7 ಅಡಿ ದಾಟ್ತಾನ, ರೈಲ್ವೆದಾಗ ನೌಕ್ರಿ ಗ್ಯಾರಂಟಿ, ನಸೀಬ್ ಇದ್ರ ಅಮೆರಿಕಾ, ಅಂತ ಹೇಳಿ, ಅಮೆರಿಕಾದ ದೊಡ್ಡ ಲೀಗ್ ಎನ್‌ಬಿಎದ ತಂಡ ಆರಿಸಿದ್ದ ಪಂಜಾಬಿನ ಸತ್ನಾಮ್ ಸಿಂಗ್ ಫೋಟೋ ಮೊಬೈಲ್‌ನ್ಯಾಗ ತೋರಿಸಿ ಹೋದ್ರು.

ಅವರಿಗಿ ಯಾಕಿಷ್ಟು ಗಡಿಬಿಡಿ ಅನ್ನೋದು ಆಟ ಗೊತ್ತಿದ್ದವರಿಗಿ ತಿಳಿತದ. ರಿಂಗ್ ಇರೋದು ನೆಲದಿಂದ 10 ಅಡಿ ಮ್ಯಾಲ, 3.05 ಮೀಟರ್. 1891ರಾಗ ಅಮೆರಿಕಾದ ಸ್ಪ್ರಿಂಗ್‌ಫೀಲ್ಡ್‌ನ್ಯಾಗ ಜೇಮ್ಸ್ ನೈಸ್ಮಿತ್ ಈ ಆಟ ಹುಟ್ಟಿಸ್ದಾಗಿಂದ ಆ ಎತ್ತರ ಬದಲಾಗಿಲ್ಲ, ಆಡೋ ಮಂದಿ ಎತ್ತರ ಮಾತ್ರ ಏರ್ಕೊಂತ ಹೋಗ್ಯದ. ಉದ್ದನ್ನವರ ಸಲುವಾಗಿ ರೂಲೇ ಬದಲಾಗ್ಯಾವ. 6 ಅಡಿ 10 ಇಂಚಿನ ಜಾರ್ಜ್ ಮೈಕನ್ ಕಾಲದಾಗ ರಿಂಗಿನ ಮ್ಯಾಲಿಂದ ಕೆಳಗ ಇಳಿಯೋ ಚೆಂಡನ್ನ ತಡಿಯೋದು ಅಮೆರಿಕಾ ಕಾಲೇಜು ಆಟದಾಗ 1944ರಿಂದ ಬಂದ್ ಆಯ್ತು, ಅವನ ಸಲುವಾಗೇ 1951ರಾಗ ಎನ್‌ಬಿಎದವ್ರು ರಿಂಗಿನ ಕೆಳಗಿನ ಲೇನ್ (ಚೆಂಡು ತಮ್ಮ ತಂಡದ ಕೈಯಾಗಿದ್ದಾಗ ಆಟಗಾರರು ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದ ಜಾಗ) 6 ಅಡಿ ಅಗಲ ಇದ್ದಿದ್ದು 12 ಅಡಿ ಮಾಡಿದ್ರು, ಆಮ್ಯಾಲ 7 ಅಡಿ 1 ಇಂಚಿನ ವಿಲ್ಟ್ ಚೇಂಬರ್ಲೇನ್ ಬಂದ್ಮ್ಯಾಲ 1964ರಾಗ 16 ಅಡಿ ಆಯ್ತು. ಅದೇ ಚೇಂಬರ್ಲೇನ್ 1962ರ ಮಾರ್ಚ್ 2ಕ್ಕ ಒಂದೇ ಮ್ಯಾಚಿನ್ಯಾಗ 100 ಪಾಯಿಂಟ್ ಹೊಡದಿದ್ದ, ಎನ್‌ಬಿಎದಾಗ ಆ ರೆಕಾರ್ಡ್ ಇನ್ನೂ ಯಾರೂ ಮುರಿದಿಲ್ಲ. ನಮ್ ಹುಡುಗ ನಿಂತಲ್ಲೇ ಕೈ ಎತ್ತಿದ್ರ ರಿಂಗಿಗಿ ಒಂದು ಮೊಳಕ್ಕಿಂತ ಕಮ್ಮಿ ಅಂತರ ಉಳಿತಿತ್ತು ಅಷ್ಟೇ, ಅದೂ 15 ವರ್ಷಕ್ಕ. ಅಂಥಾ ಹುಡುಗನ್ನ ನೋಡಿದ ಆಟಗಾರರನ್ನ ಹುಡುಕೋ ಯಾವ ಸ್ಕೌಟ್ ಸುಮ್ಮ ಕೂಡ್ತಾನ.

ಆದ್ರ ನನಗ ಅನುಮಾನ ಆಗ್ಲೇ ಶುರು ಆಗಿತ್ತು, ಮತ್ತ ಅದು ಎತ್ತರ ನೋಡಿ ಬಂದ ಅನುಮಾನ ಅಲ್ಲ, ಪಾಸ್ ನೋಡಿ ಬಂದಿದ್ದು.

ಎದುರಿಂದ ಎಂಥಾ ಜೋರಿನ ಪಾಸ್ ಬಂದ್ರೂ ಹಿಡೀತಿದ್ದ, ಕೈ ಅಷ್ಟು ಛಲೋ ಇದ್ವು. ಪಕ್ಕದಿಂದ ಬಂದಿದ್ದು ಮಾತ್ರ ಬಡಕೊಂಡು ಹೋಗ್ತಿತ್ತು, ಹೆಗಲಿಗಿ ಇಲ್ಲಾ ಕಿವಿಗಿ ಹೊಡದ್ಮ್ಯಾಲೆ ತಿರುಗಿ ನೋಡ್ತಿದ್ದ. ಜೊತಿಗಿನ ಹುಡುಗ್ರು ಇವಂಗ ಲಕ್ಷ್ಯಾನೇ ಇಲ್ಲ ಅಂತ ಸಿಟ್ಟಾಗ್ತಿದ್ರು, ನಿದ್ದಿಗೇಡಿ ಅಂತ ಬೈತಿದ್ರು. ನಾ ಎರಡು ಮೂರು ವಾರ ಬರೀ ಇದನ್ನೇ ಗಮನಿಸ್ದೆ. ಎಡದಿಂದಾನೂ ಅಷ್ಟೇ, ಬಲದಿಂದಾನೂ ಅಷ್ಟೇ. ಲಕ್ಷ್ಯ ಇಲ್ಲದವ ಎದುರಿನ ಪಾಸೂ ಬಿಡಬೇಕಿತ್ತಲ್ಲ. ಒಂದಿನ ಎದುರಿಗಿ ಕೂಡಿಸ್ಕೊಂಡು, ನನ್ನ ಮೂಗು ನೋಡ್ಕೊಂತಿರು ಅಂತ ಹೇಳಿ, ಎರಡೂ ಕೈ ಅಗಲಿಸಿ ಬೆರಳು ಆಡಿಸಿ ಯಾವಾಗ ಕಾಣ್ತದ ಹೇಳು ಅಂದೆ. ಬೆರಳು ಅವನ ಮಾರಿ ಮುಂದಕ್ಕ ಬರೋ ತನಕ ಅವಂಗ ಕಾಣ್ಲೇ ಇಲ್ಲ, ಎರಡೂ ಕಡೀ. ಇದು ಯಾವ ಆಸ್ಪತ್ರೆ ಟೆಸ್ಟೂ ಅಲ್ಲ, ಯಾರ ಬೇಕಾದ್ರೂ ಮಾಡಬಹುದು, ಒಂದು ನಿಮಿಷದ ಕೆಲಸ.

ಆಮ್ಯಾಲ ಕೇಳಿದ್ರ ಒಂದೊಂದೇ ಹೊರಗ ಬಂತು. ತಲಿ ನೋವು ಬರ್ತಿತ್ತಂತ, ಬಿಸಿಲಿಂದು ಅಂತ ಮನ್ಯಾಗ ತಿಳ್ಕೊಂಡಿದ್ರು, ನಮ್ ಕಡಿ ಏಪ್ರಿಲ್ ಮೇ ತಿಂಗಳಿನ್ಯಾಗ 42, 43 ಡಿಗ್ರಿ ಹೋಗ್ತದ, ಯಾರಿಗಿ ತಲಿ ನೋಯಂಗಿಲ್ಲ ಹೇಳ್ರಿ. ಭಾಳ ಬೆವರ್ತಿದ್ದ, ಚಳಿಗಾಲದಾಗೂ. ಮಂಡಿ ನೋವು. ಬಾಗಲ ಚೌಕಟ್ಟಿಗಿ ಹೆಗಲು ಬಡಿಸ್ಕೊಳ್ಳೋದು ದಿನದ ಮಾತು, ಉದ್ದ ಇದ್ದಾನ ಅಂತ ಎಲ್ಲರೂ ಬಿಟ್ಟಿದ್ರು, ಆದ್ರ ಉದ್ದ ಇದ್ದವ ತಲಿ ಬಡಿಸ್ಕೊಂತಾನ, ಹೆಗಲು ಯಾಕ ಬಡಿಸ್ಕೊಂತಾನ? ಒಮ್ಮೆ ರೋಡ್ ದಾಟೋವಾಗ ಪಕ್ಕದಿಂದ ಬಂದ ಸೈಕಲ್ ಗುದ್ದಿತ್ತು ಅಂತ ಅವರವ್ವ ಫೋನಿನ್ಯಾಗ ಹೇಳಿದ್ರು.

ಇನ್ನೊಂದು ಸಂಗತಿ ಅವರ ಮನಿ ಮಂದಿ ನೋಡಿದ್ಮ್ಯಾಲೆ ಪಕ್ಕಾ ಆಯ್ತು. ಅಪ್ಪ 170 ಸೆಂಟಿಮೀಟರ್, ಅವ್ವ 157. ಡಾಕ್ಟ್ರು ಮಕ್ಕಳ ಎತ್ತರದ ಅಂದಾಜು ಹಾಕೋ ಒಂದು ಸಾದಾ ಲೆಕ್ಕ ಅದ, ಗಂಡುಹುಡುಗ ಇದ್ರ ಅಪ್ಪಂದೂ ಅವ್ವಂದೂ ಎತ್ತರ ಕೂಡಿಸಿ ಅದಕ್ಕ 13 ಸೇರಿಸಿ ಅರ್ಧ ಮಾಡಬೇಕು, ಹೆಣ್ಣುಹುಡುಗಿ ಇದ್ರ 13 ಕಳದು ಅರ್ಧ ಮಾಡಬೇಕು. ಬಂದ ಅಂಕಿಗಿ ಎಂಟೊಂಬತ್ತು ಸೆಂಟಿಮೀಟರ್ ಹೆಚ್ಚು ಕಮ್ಮಿ ಇರ್ತದ. ಈ ಹುಡುಗಂದು ಲೆಕ್ಕ ಹಾಕಿದ್ರ 170 ಬರ್ತದ, ಭಾಳ ಅಂದ್ರ 179 ಆಗಬಹುದಿತ್ತು. ಅವ 201 ಇದ್ದ, ಮತ್ತ ಬೆಳವಣಿಗಿ ನಿಲ್ಲೋ ಲಕ್ಷಣಾನೇ ಇದ್ದಿಲ್ಲ. ಸಾಮಾನ್ಯವಾಗಿ ಗಂಡುಹುಡುಗರು ಜೋರಾಗಿ ಬೆಳಿಯೋದು 13, 14ರ ಸುಮಾರಿಗಿ, ಆವಾಗೂ ವರ್ಷಕ್ಕ 9, 10 ಸೆಂಟಿಮೀಟರ್, ಆಮ್ಯಾಲ ಇಳೀತದ. ಇವ 15 ದಾಟಿದ್ಮ್ಯಾಲೂ ಅದಕ್ಕಿಂತ ಜೋರ್ ಬೆಳಿಲಿಕತ್ತಿದ್ದ.

ಇಲ್ಲಿ ಒಂದು ಮಾತು ಹೇಳ್ಲೇಬೇಕು, ಯಾಕಂದ್ರ ಇದನ್ನ ಓದಿ ಉದ್ದನ್ ಮಕ್ಕಳೆಲ್ಲಾ ರೋಗಿಗಳು ಅಂತ ಯಾರೂ ಗಾಬ್ರಿ ಬೀಳಬಾರ್ದು. ಬಾಸ್ಕೆಟ್‌ಬಾಲಿನ ದೊಡ್ಡ ದೊಡ್ಡ ಉದ್ದನ್ನ ಆಟಗಾರರ ಮನಿ ನೋಡ್ರಿ. 7 ಅಡಿ 6 ಇಂಚಿನ ಯಾವ್ ಮಿಂಗ್, 2002ರ ಎನ್‌ಬಿಎ ಡ್ರಾಫ್ಟ್‌ನ್ಯಾಗ (ತಂಡಗಳು ಹೊಸ ಆಟಗಾರರನ್ನ ಸರದಿ ಮ್ಯಾಲ ಆರಿಸೋದು) ಮೊದಲನೇದವ್ನಾಗಿ ಹ್ಯೂಸ್ಟನ್ ತಂಡಕ್ಕ ಹೋದವ, ಅವನ ಅಪ್ಪ ಅವ್ವ ಇಬ್ರೂ ಬಾಸ್ಕೆಟ್‌ಬಾಲ್ ಆಟಗಾರರು, ಇಬ್ರೂ 6 ಅಡಿ ದಾಟಿದವ್ರು. ಈಗಿನ ವಿಕ್ಟರ್ ವೆಂಬನ್ಯಾಮಾ ಫ್ರಾನ್ಸಿನವ, ಅವರ ಅವ್ವಾನೇ 6 ಅಡಿ 3 ಇಂಚು. ಸುಡಾನಿನ ಮನುಟ್ ಬೋಲ್ 7 ಅಡಿ 7 ಇಂಚು, ಎನ್‌ಬಿಎದಾಗ ಹೊಡದ ಪಾಯಿಂಟಿಗಿಂತ ತಡದ ಶಾಟೇ ಹೆಚ್ಚು, ಅವ ಡಿಂಕಾ ಜನಾಂಗದವ, ಅವರ ಮಂದೀನೇ ಉದ್ದ. ಸತ್ನಾಮ್ ಸಿಂಗ್ ಅಪ್ಪನೂ 7 ಅಡಿ ಆಳು. ಅಂದ್ರ ಇವರದೆಲ್ಲಾ ರಕ್ತದಾಗ ಬಂದ ಎತ್ತರ. ಬೋಲ್ ಜೊತಿಗಿ ಎನ್‌ಬಿಎ ಇತಿಹಾಸದಾಗೇ ಭಾಳ ಉದ್ದ ಅಂತ ಹೆಸರಿರೋ ರೊಮೇನಿಯಾದ ಗೋರ್ಗೆ ಮುರೆಶಾನ್ ಅದಾನ, ಅವನೂ 7 ಅಡಿ 7 ಇಂಚು, ಆದ್ರ ಅವರಪ್ಪ ಅವ್ವ ಸಾದಾ ಎತ್ತರದವ್ರು. ಅವಂದು ಮೆದುಳಿನ ತಳದಾಗಿರೋ ಪಿಟ್ಯುಟರಿ ಗ್ರಂಥಿ ತೊಂದ್ರಿಯಿಂದ ಬಂದ ಎತ್ತರ. ಹೊರಗಿನಿಂದ ನೋಡಿದ್ರ ಬೋಲ್ ಮತ್ತ ಮುರೆಶಾನ್ ಇಬ್ರೂ ಒಂದೇ, ಒಳಗ ಪೂರಾ ಬ್ಯಾರೆ. ಅದಕ್ಕ ಮೊದ್ಲು ಅಪ್ಪ ಅವ್ವನ್ನ ಅಳೀರಿ ಅಂತ ನಾ ಎಲ್ಲರಿಗೂ ಹೇಳ್ತೀನಿ.

ಮೊದ್ಲು ಸರ್ಕಾರಿ ಆಸ್ಪತ್ರೆಗಿ ಹೋದ್ವಿ. ಅಲ್ಲಿ ಒಬ್ರು ಮೇಡಂ ಡಾಕ್ಟರ್ ಭಾಳ ಸಮಾಧಾನದಿಂದ ನೋಡಿದ್ರು, ಮತ್ತ ನಾ ಅಂದ್ಕೊಂಡಿದ್ದಕ್ಕಿಂತ ಬ್ಯಾರೆ ಕಡಿಂದ ಶುರು ಮಾಡಿದ್ರು. ಎರಡೂ ಕೈ ಚಾಚಿಸಿ ಬೆರಳ ತುದಿಯಿಂದ ತುದಿಗಿ ಅಳದ್ರು, ಹೆಬ್ಬೆರಳು ಮುಷ್ಟಿ ಒಳಗ ಮಡಚಿಸಿ ಆಚಿ ಕಡಿ ಹೊರಗ ಬರ್ತದೇನು ನೋಡಿದ್ರು, ಒಂದು ಕೈಯಿಂದ ಇನ್ನೊಂದು ಮಣಿಕಟ್ಟು ಹಿಡಿಸಿ ಹೆಬ್ಬೆರಳು ಕಿರುಬೆರಳು ಒಂದರ ಮ್ಯಾಲೊಂದು ಬರ್ತಾವೇನು ನೋಡಿದ್ರು. ಇದು ಮಾರ್ಫನ್ ಸಿಂಡ್ರೋಮ್ ಸಲುವಾಗಿ. ಉದ್ದ, ತೆಳ್ಳಗ, ಉದ್ದುದ್ದ ಕೈ ಬೆರಳು ಇರೋ ಮಕ್ಕಳಾಗ ಇದನ್ನ ನೋಡ್ಲೇಬೇಕು, ಸುಮಾರು 5000 ಜನರಾಗ ಒಬ್ಬರಿಗಿ ಇರ್ತದ, ಇದ್ರಾಗ ಹೃದಯದಿಂದ ಹೊರಡೋ ದೊಡ್ಡ ರಕ್ತನಾಳ ಅಯೋರ್ಟಾ ಹಿಗ್ಗಿ ಒಮ್ಮೆಗೇ ಸೀಳಬಹುದು. 6 ಅಡಿ 5 ಇಂಚಿನ ಅಮೆರಿಕಾ ವಾಲಿಬಾಲ್ ಆಟಗಾರ್ತಿ ಫ್ಲೋ ಹೈಮನ್ 1986ರಾಗ ಜಪಾನ್‌ನ್ಯಾಗ ಮ್ಯಾಚ್ ನಡಿಯೋವಾಗ್ಲೇ ಬೆಂಚಿನ ಮ್ಯಾಲಿಂದ ಕುಸಿದು ತೀರ್ಕೊಂಡ್ಳು, ಅಕಿಗಿ ಮಾರ್ಫನ್ ಇತ್ತು ಅಂತ ಸತ್ತ ಮ್ಯಾಲೆ ಗೊತ್ತಾಗಿದ್ದು. 7 ಅಡಿ 1 ಇಂಚಿನ ಐಸಾಯಾ ಆಸ್ಟಿನ್‌ಗ 2014ರ ಎನ್‌ಬಿಎ ಡ್ರಾಫ್ಟ್ ಇನ್ನೇನು ಬಂತು ಅನ್ನೋವಾಗ ಟೆಸ್ಟಿನ್ಯಾಗ ಸಿಕ್ತು, ಜೀವ ಉಳೀತು. ನಮ್ ಹುಡುಗನ ಕೈಯಳತಿ 205, ಎತ್ತರಕ್ಕ ಹೋಲಿಸಿದ್ರ ಅಂಥ ಹೆಚ್ಚೇನಲ್ಲ, ಬೆರಳಿನ ಗುರುತೂ ಇಲ್ಲ, ಹೃದಯದ ಎಕೋ ಸ್ಕ್ಯಾನ್ ಮಾಡಿಸಿದ್ವಿ, ಅಯೋರ್ಟಾ ಸರಿ ಅದ ಅಂದ್ರು. ಆ ಒಂದು ಭಯ ಹೋಯ್ತು.

ಆಮ್ಯಾಲ ಮೇಡಂ ಅವನ ಕಣ್ಣಿನ ಬಗ್ಗೆ ಕೇಳಿ, ಬೆರಳು ಆಡಿಸಿ ನೋಡಿ, ಸುಮ್ಮ ಆದ್ರು. ರಕ್ತದಾಗ ಬೆಳವಣಿಗಿ ಹಾರ್ಮೋನಿನ ಜೋರು ತೋರಿಸೋ ಐಜಿಎಫ್-1 ಅನ್ನೋ ಟೆಸ್ಟ್, ಸುತ್ತಲೂ ಎಷ್ಟು ಕಾಣ್ತದ ಅಂತ ನೋಡೋ ಕಣ್ಣಿನ ಫೀಲ್ಡ್ ಟೆಸ್ಟ್, ಎಡಗೈ ಎಕ್ಸ್‌ರೇ ಮತ್ತ ತಲಿ ಎಂಆರ್‌ಐ ಬರ್ದ್ರು. ಐಜಿಎಫ್-1 ಅವನ ವಯಸ್ಸಿಗಿ ಇರಬೇಕಾಗಿದ್ದಕ್ಕಿಂತ ಎಷ್ಟೋ ಹೆಚ್ಚು ಬಂತು. ಗ್ಲೂಕೋಸ್ ನೀರು ಕುಡಿಸಿ ಗ್ರೋತ್ ಹಾರ್ಮೋನ್ ಅಳೀತಾರ, ಆರಾಮಿದ್ದವರಿಗಿ ಗ್ಲೂಕೋಸ್ ಕುಡದ್ರ ಅದು ಇಳೀಬೇಕು, ಇವಂದು ಇಳೀಲಿಲ್ಲ. ಎಂಆರ್‌ಐನ್ಯಾಗ ಪಿಟ್ಯುಟರಿಯಾಗ 22 ಮಿಲಿಮೀಟರಿನ ಗೆಡ್ಡಿ.

ಪಿಟ್ಯುಟರಿ ಅನ್ನೋದು ಮೆದುಳಿನ ತಳದಾಗ, ಮೂಗಿನ ಹಿಂದ ಇರೋ ಕಡ್ಲಿಕಾಳಿನಷ್ಟು ಗ್ರಂಥಿ. ಬೆಳವಣಿಗಿ ಹಾರ್ಮೋನ್ ಹುಟ್ಟೋದು ಅಲ್ಲೇ. ಅದರ ನೇರ ಮ್ಯಾಲೆ ಎರಡೂ ಕಣ್ಣಿನ ನರ ಕೂಡ್ತಾವ, ಕೂಡಿ ಅರ್ಧರ್ಧ ಆಚೀಚಿ ದಾಟ್ತಾವ. ದಾಟೋ ಎಳಿ ನಮಗ ಹೊರಮಗ್ಗಲು ತೋರಿಸೋ ಎಳಿ. ಗೆಡ್ಡಿ ಬೆಳದು ಕೆಳಗಿಂದ ಒತ್ತಿದ್ರ ಮೊದ್ಲು ಹೋಗೋದು ಎರಡೂ ಪಕ್ಕದ ನೋಟ, ಎದುರಿನ ನೋಟ ಉಳಿತದ. ಹಂಗಾಗೇ ಬೋರ್ಡಿನ ಮ್ಯಾಲಿನ ಅಕ್ಷರ ಅವಂಗ ಸರಿ ಕಾಣ್ತಿದ್ವು, ಸಾಲ್ಯಾಗ ಯಾರಿಗೂ ಸಂಶಯಾನೇ ಬರಲಿಲ್ಲ, ಬಾಸ್ಕೆಟ್‌ಬಾಲ್ ಕೋರ್ಟ್‌ನ್ಯಾಗ ಅಷ್ಟೇ ಸಿಕ್ಕಬಿತ್ತು, ಯಾಕಂದ್ರ ಈ ಆಟದಾಗ ಅರ್ಧಕ್ಕರ್ಧ ಪಾಸ್ ಪಕ್ಕದಿಂದ್ಲೇ ಬರ್ತಾವ. ಎಲುಬಿನ ತುದಿಗಿ ಇರೋ ಬೆಳವಣಿಗಿ ಪದರ ಇನ್ನೂ ಮುಚ್ಚಿದ್ದಿಲ್ಲ ಅಂತ ಎಕ್ಸ್‌ರೇ ಹೇಳ್ತು. ಅದು ಮುಚ್ಚೋಕಿಂತ ಮೊದ್ಲು ಈ ಹಾರ್ಮೋನ್ ಹೆಚ್ಚಾದ್ರ ಮನುಷ್ಯಾ ಉದ್ದಕ್ಕ ಬೆಳೀತಾನ, ಮುಚ್ಚಿದ್ಮ್ಯಾಲೆ ಹೆಚ್ಚಾದ್ರ ಕೈ ಕಾಲು ದವಡಿ ದಪ್ಪ ಆಗ್ತಾವ, ಎರಡೂ ಒಂದೇ ರೋಗದ ಎರಡು ಹಂತ.

ಈಗ ಈ ಪ್ರಕರಣದಾಗ ನಿಜವಾಗಿ ಕಷ್ಟ ಆಗಿದ್ದು ಬಂತು.

ಅವರಪ್ಪ ಊರಿಂದ ಬಂದ್ರು. ನಾಕು ಎಕರೆ ತೊಗರಿ ಹೊಲ, ನೆಟೆ ರೋಗ ಬಿದ್ದು ಬೆಳಿ ಹೋಗಿತ್ತು, ಸೊಸೈಟಿ ಸಾಲ ಇತ್ತು. ಅಕಾಡೆಮಿಯವ್ರು ಆ ಮನುಷ್ಯಾಗ ಫೋನ್ ಮ್ಯಾಲ ಫೋನ್ ಮಾಡ್ತಿದ್ರು. ಆಪರೇಷನ್ ಮಾತು ಕಿವಿಗಿ ಬಿದ್ದಕೂಡ್ಲೆ, ಈಗ ಮಾಡಿಸಬ್ಯಾಡ್ರಿ, ಮಾಡಿಸಿದ್ರ ಬೆಳಿಯೋದು ನಿಂತಬಿಡ್ತದ, 7 ಅಡಿ ಆಗ್ಲಿ ಆಮ್ಯಾಲ ನೋಡೂಣು ಅಂತ ಅವರಿಗಿ ಹೇಳಿದ್ರಂತ. ಒಂದು ಮಗುವಿನ ತಲ್ಯಾಗ ಗೆಡ್ಡಿ ಇದ್ದದ್ದು ಗೊತ್ತಿದ್ದೂ ಹಿಂಗ ಹೇಳೋರು ಇದ್ದಾರಲ್ಲ ಅಂತ ನನಗ ಇವತ್ತಿಗೂ ಸಂಕಟ ಆಗ್ತದ.

ಅಪ್ಪ ನನ್ನ ಮುಂದ ಕೂತು ಹೇಳಿದ ಮಾತು ಸುಳ್ಳಲ್ಲ. "ಸರ್ರ, ಈ ಎತ್ತರ ಬಿಟ್ರ ನಮ್ ಹತ್ರ ಏನದ ಹೇಳ್ರಿ. ಹೊಲ ಕೈ ಕೊಡ್ತು. ದೇವ್ರು ಇದೊಂದು ಕೊಟ್ಟಾನ, ಅದನ್ನೂ ನಾವೇ ಕೊಯ್ಸಿ ತಗ್ಸೂಣೇನು?"

"ಅಣ್ಣಾ, ಈಗಾಗ್ಲೇ ಬಂದ ಎತ್ತರ ಎಲ್ಲೂ ಹೋಗಂಗಿಲ್ಲ," ಅಂದೆ. "ಆಪರೇಷನ್ ಮಾಡಿಸಿದ್ರೂ ಅವ ಕಲಬುರಗ್ಯಾಗ ಎಲ್ಲರಕಿಂತ ಉದ್ದನೇ ಇರ್ತಾನ. ಕಣ್ಣು ಹಂಗಲ್ಲ. ಹೋದ್ರ ತಿರುಗಿ ಬರ್ತದಂತ ಯಾವ ಡಾಕ್ಟ್ರೂ ಬರ್ದು ಕೊಡಂಗಿಲ್ಲ."

ಡಾಕ್ಟ್ರು ಇನ್ನೂ ಬಿಡಿಸಿ ಹೇಳಿದ್ರು, ಹಂಗೇ ಬಿಟ್ರ ಸಕ್ಕರಿ ಕಾಯಿಲೆ, ಬಿಪಿ, ಹೃದಯ ದಪ್ಪ ಆಗೋದು, ಕೀಲು ಸವಿಯೋದು, ಎಲ್ಲಾ ಒಂದೊಂದಾಗಿ ಬರ್ತಾವ, ಆಟ ಆಡೋ ವಯಸ್ಸಿನ್ಯಾಗ್ಲೇ ಬರ್ತಾವ. ಎತ್ತರ ಹೆಚ್ಚಾದಷ್ಟೂ ಆಟ ಹೆಚ್ಚು ಅನ್ನೋದೂ ಖರೆ ಅಲ್ಲ. ಯಾವ್ ಮಿಂಗ್‌ಗ ಯಾವ ಹಾರ್ಮೋನ್ ರೋಗಾನೂ ಇದ್ದಿಲ್ಲ, ಆದ್ರೂ ಆ ಮೈ ಭಾರ ಹೊತ್ತ ಪಾದದ ಎಲುಬು ಮತ್ತ ಮತ್ತ ಬಿರುಕು ಬಿಟ್ಟು 2011ರಾಗ, 30 ವರ್ಷಕ್ಕ ಆಟ ಬಿಡಬೇಕಾಯ್ತು. ಸತ್ನಾಮ್ ಫೋಟೋ ತೋರಿಸಿದವ್ರು ಪೂರಾ ಕತಿ ಹೇಳಿದ್ದಿಲ್ಲ. ಪಂಜಾಬಿನ ಬಲ್ಲೋ ಕೇ ಹಳ್ಳಿ ಹುಡುಗ, ಲುಧಿಯಾನಾ ಅಕಾಡೆಮಿಯಾಗ ಕಲ್ತು, 2010ರಾಗ ಫ್ಲೋರಿಡಾಕ್ಕ ಹೋಗಿ, 2015ರಾಗ ಡಲ್ಲಾಸ್ ತಂಡ ಅವನ್ನ 52ನೇ ಆಯ್ಕೆಯಾಗಿ ತಗೊಂತು, ಭಾರತದಾಗ ಹುಟ್ಟಿ ಎನ್‌ಬಿಎ ಡ್ರಾಫ್ಟ್ ಆದವ್ರಾಗ ಅವನೇ ಮೊದಲನೇದವ, ಅದು ಹೆಮ್ಮೆಯ ಸಂಗತಿ. ಆದ್ರ 7 ಅಡಿ 2 ಇಂಚಿದ್ದೂ ಎನ್‌ಬಿಎ ಲೀಗ್‌ನ ಒಂದು ಮ್ಯಾಚೂ ಆಡಾಕ ಸಿಗಲಿಲ್ಲ. ಅದಕ್ಕ ಅವ ಕಾರಣ ಅಂತಲ್ಲ, ಆಟ ಈಗ ಓಡೋ ಉದ್ದನ್ನವರನ್ನ ಕೇಳ್ತದ, ಬರೀ ರಿಂಗಿನ ಕೆಳಗ ನಿಲ್ಲೋರನ್ನಲ್ಲ.

ಅಪ್ಪಗ ತಾಗಿದ್ದು ಬ್ಯಾರೆ ಎರಡು ಹೆಸರು. ಒಂದು ಚೀನಾದ ಸನ್ ಮಿಂಗ್‌ಮಿಂಗ್, 7 ಅಡಿ 9 ಇಂಚು, ಅವಂಗೂ ಪಿಟ್ಯುಟರಿ ಗೆಡ್ಡಿ, ಆಪರೇಷನ್ ಆಯ್ತು, ಆಮ್ಯಾಲ ಬೀಜಿಂಗ್ ತಂಡಕ್ಕ ಆಡ್ದ. ಇನ್ನೊಂದು ನಮ್ಮ ದೇಶದ್ದೇ, ಕಾನ್ಪುರದ ಪೂನಂ ಚತುರ್ವೇದಿ, 6 ಅಡಿ 11 ಇಂಚಿನ ಹುಡುಗಿ, ಛತ್ತೀಸಗಡದ ಪರವಾಗಿ ಆಡಿದಾಕಿ, ಮೆದುಳಿನ ಗೆಡ್ಡಿ ಜೊತಿಗಿ ಹೋರಾಡ್ಕೊಂತ ಆಡಿದಾಕಿ. ಇವರ ಫೋಟೋ ತೋರ್ಸಿ ಹೇಳಿದಾಗ ಅವರು ಭಾಳ ಹೊತ್ತು ಮೊಬೈಲ್ ಹಿಡ್ಕೊಂಡು ನೋಡಿದ್ರು, ಒಪ್ಪಿಗಿ ಮಾತ್ರ ಆವತ್ತೂ ಹೇಳಲಿಲ್ಲ.

ಕಡೀಗಿ ತೀರ್ಮಾನ ಮಾಡಿದಾಕಿ ಅವ್ವ. ಅಕಿ ಇಷ್ಟೂ ದಿನ ಬಾಗಲ ಹತ್ರ ನಿಂತು ಕೇಳ್ತಿದ್ಳು, ಸಾಲಿ ಕಲ್ತಾಕಿ ಅಲ್ಲ. ಅಕಿ ಕೇಳಿದ್ದು ಒಂದೇ. "ಸೈಕಲ್ ಕಾಣಲಿಲ್ಲ, ನಾಳಿಗಿ ಲಾರಿ ಕಾಣ್ದಿದ್ರ ಏನ್ ಮಾಡೂಣ್ರಿ?" ಅಲ್ಲಿಗಿ ಮಾತು ಮುಗೀತು. ಅಕಾಡೆಮಿಗಿ ಮಾವ ಫೋನ್ ಮಾಡಿ ಆಪರೇಷನ್ ಮಾಡಿಸ್ತೀವಿ, ಆಮ್ಯಾಲ ಬರ್ತಾನ ಅಂತ ಹೇಳಿದ್ರು, ಆ ಕಡಿಂದ ಮತ್ತ ಫೋನ್ ಬರಲಿಲ್ಲ.

ರೊಕ್ಕದ ವಿಷಯ ಬರೀತೀನಿ, ಯಾಕಂದ್ರ ನಮ್ ಕಡಿ ಮಂದಿ ಇದಕ್ಕೇ ಅಂಜಿ ಹಿಂದ ಸರೀತಾರ. ಬಿಪಿಎಲ್ ಕಾರ್ಡ್ ಇತ್ತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಾಗ ಬಿಪಿಎಲ್ ಮನಿತನಕ್ಕ ವರ್ಷಕ್ಕ 5 ಲಕ್ಷದ ತನಕ ಚಿಕಿತ್ಸೆ ಅದ, ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಬೇಕು. ಎಷ್ಟೋ ಮಂದಿ ಸೀದಾ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋಗಿಬಿಡ್ತಾರ, ಹತ್ರ ಅಂತ, ಆಮ್ಯಾಲ ಬಿಲ್ ನೋಡಿ ಹೊಲ ಒತ್ತಿ ಇಡ್ತಾರ. ಚೀಟಿ ತಗೊಂಡು ಬೆಂಗಳೂರಿಗಿ ಹೋದ್ವಿ, ಉದ್ಯಾನ್ ಎಕ್ಸ್‌ಪ್ರೆಸ್‌ನ್ಯಾಗ. ಸ್ಲೀಪರ್ ಬರ್ತ್‌ನ್ಯಾಗ ಅವನ ಪಾದ ಪೂರಾ ಹೊರಗೇ, ಹೋಗಿ ಬರೋ ಮಂದಿ ತಾಗ್ತಿದ್ರು ಅಂತ ರಾತ್ರಿ ಬಹಳಷ್ಟು ಹೊತ್ತು ಕೂತೇ ಇದ್ದ.

ಆಪರೇಷನ್ ಮೂಗಿನ ಒಳಗಿಂದ, ದುರ್ಬೀನ್ ಹಾಕಿ ಮಾಡ್ತಾರ, ತಲಿಬುರುಡಿ ತೆರಿಯಂಗಿಲ್ಲ. ಗೆಡ್ಡಿ ಬಹುತೇಕ ತೆಗದ್ರು, ಪಕ್ಕದಾಗ ದೊಡ್ಡ ರಕ್ತನಾಳದ ಹತ್ರ ಅಂಟಿದ್ದ ಸ್ವಲ್ಪ ಬಿಟ್ರು, ಅದನ್ನ ಮುಟ್ಟೋದು ಅಪಾಯ ಅಂದ್ರು. ಆದ್ಮ್ಯಾಲ ಒಂದೆರಡು ದಿನ ಅವಂಗ ವಿಪರೀತ ನೀರಡಿಕಿ, ಮತ್ತ ಮತ್ತ ಮೂತ್ರಕ್ಕ ಹೋಗೋದು, ಅಪ್ಪ ಗಾಬ್ರಿ ಆಗಿದ್ರು, ಪಿಟ್ಯುಟರಿ ಆಪರೇಷನ್ ಆದವರಾಗ ಇದು ಆಗ್ತದ ಅಂತ ಮೊದಲೇ ಹೇಳಿದ್ರು, ಔಷಧಕ್ಕ ತಹಬಂದಿಗಿ ಬಂತು. ಕೆಲವು ವಾರ ಮೂಗು ಸೀನಬಾರ್ದು, ಬಾಗಬಾರ್ದು, ಭಾರ ಎತ್ತಬಾರ್ದು. ಮಾರ್ಚ್‌ನ್ಯಾಗ ಎಸ್‌ಎಸ್‌ಎಲ್‌ಸಿ ಪರೀಕ್ಷಿ ಇತ್ತು, ಬರ್ದು ಪಾಸಾದ, ನನಗ ಎಲ್ಲಕ್ಕಿಂತ ಖುಷಿ ಆಗಿದ್ದು ಅದು.

ಕಣ್ಣಿನ ಫೀಲ್ಡ್ ಟೆಸ್ಟ್ ಮೂರು ತಿಂಗಳಿಗಿ ಮತ್ತ ಮಾಡಿದಾಗ ಬಲಗಡಿ ಪೂರಾ ತಿರುಗಿ ಬಂದಿತ್ತು. ಎಡಗಡಿ ಮ್ಯಾಲಿನ ಮೂಲ್ಯಾಗ ಒಂದು ಸಣ್ಣ ಕತ್ತಲ ಜಾಗ ಉಳಿದದ, ಅದು ಉಳಿತದ ಅಂತ ಕಾಣಸ್ತದ. ಐಜಿಎಫ್-1 ಭಾಳ ಇಳೀತು, ಆದ್ರ ಪೂರಾ ಲೆವೆಲ್ಲಿಗಿ ಬರಲಿಲ್ಲ, ಅದಕ್ಕ ವಾರಕ್ಕ ಎರಡು ಸಲ ಕ್ಯಾಬರ್ಗೋಲಿನ್ ಗುಳಗಿ ನಡದದ. ಅದಕ್ಕ ಬಗ್ಗಲಿಲ್ಲ ಅಂದ್ರ ತಿಂಗಳಿಗೊಂದು ಇಂಜೆಕ್ಷನ್ ಬರ್ತದ, ಅದು ಭಾಳ ತುಟ್ಟಿ, ಆ ಚಿಂತಿ ಮನಿಯವರಿಗಿ ಅದ. ಇನ್ನೊಂದು, ಕಾರ್ಟಿಸಾಲ್ ಅನ್ನೋ ಬ್ಯಾರೆ ಹಾರ್ಮೋನ್ ಕಮ್ಮಿ ಅದ ಅಂತ ಸದ್ಯಕ್ಕ ಹೈಡ್ರೋಕಾರ್ಟಿಸೋನ್ ಗುಳಗಿನೂ ತಗೊಂತಾನ. ಇದು ಸ್ಟೀರಾಯ್ಡ್ ಜಾತಿದು, ಮ್ಯಾಚ್ ವ್ಯಾಳ್ಯಾದಾಗ ನಿಷೇಧದ ಪಟ್ಟ್ಯಾಗ ಬರ್ತದ. ದೊಡ್ಡ ಮಟ್ಟಕ್ಕ ಆಡೋದು ಬಂದ್ರ ಆಟಗಾರರ ಔಷಧ ತಪಾಸಣೆ ಮಾಡೋ ರಾಷ್ಟ್ರೀಯ ಸಂಸ್ಥೆ ನಾಡಾ ಕಡಿಂದ ಚಿಕಿತ್ಸೆಗಾಗಿ ತಗೊಳ್ಳೋ ಅನುಮತಿ ಮೊದಲೇ ಮಾಡಿಸಬೇಕು. ಉದ್ದನ್ ಮಕ್ಕಳ ಬಗ್ಗೆ ಕೆಲಸ ಮಾಡೋ ಕೋಚುಗಳು ಈ ಕಾಗದ ಪತ್ರ ಒಂದು ಫೈಲಿನ್ಯಾಗ ಇಡ್ರಿ ಅಂತ ಕೈ ಮುಗದು ಹೇಳ್ತೀನಿ, ಒಂದು ಚೀಟಿ ಇಲ್ಲಂತ ಹುಡುಗನ ಹೆಸರು ಕೆಡಬಾರ್ದು.

ಆಟಕ್ಕ ತಿರುಗಿ ಬಂದಾಗ ಚೆಂಡು ಕೊಡೋಕಿಂತ ಮೊದ್ಲು ಕಾಲಿನಿಂದ ಶುರು ಮಾಡಿದ್ವಿ. ಜೋರ್ ಬೆಳದ ಮೈಗಿ ಎಲುಬು ಮುಂದ ಹೋಗಿರ್ತದ, ಸ್ನಾಯು ಹಿಂದ ಉಳಿದಿರ್ತದ, ಮಂಡಿ ಕೆಳಗ ನೋವು ಅದಕ್ಕೇ. ಜಿಗಿತ ಬಂದ್. ಒಂಟಿ ಕಾಲ ಮ್ಯಾಲ ನಿಲ್ಲೋದು, ಬೈಠಕ್, ಒಂದು ಕಾಲು ಊರಿ ನಿಧಾನಕ್ಕ ತಿರುಗೋ ಪಿವಟ್, ಸೊಂಟ ಕೆಳಗ ಇಟ್ಟು ಪಕ್ಕಕ್ಕ ಸರಿಯೋದು. ಬೂಟ್ ಆನ್‌ಲೈನ್ ತರಿಸಿದ್ವಿ, ಸಾಲಿ ಮಾಸ್ತರ್‌ಗಳೆಲ್ಲಾ ಕೂಡಿ ರೊಕ್ಕ ಹಾಕಿದ್ರು. ಕೋರ್ಟ್ ಸಿಮೆಂಟಿಂದು, ಅದರ ಮ್ಯಾಲ ಇಂಥಾ ಹುಡುಗನ್ನ ದಿನಾ ಜಿಗಿಸೋದು ನನಗ ಸರಿ ಅನಿಸಂಗಿಲ್ಲ. ಉದ್ದನ್ ಹುಡುಗನ್ನ ರಿಂಗಿನ ಕೆಳಗ ಕೈ ಎತ್ತಿ ನಿಲ್ಸಿದ್ರ ತಾಲೂಕು ಮಟ್ಟದ ಮ್ಯಾಚ್ ಗೆಲ್ಲಬಹುದು, ಆದ್ರ ಅವ ಏನೂ ಕಲಿಯಂಗಿಲ್ಲ, ಲೇನಿನ ಮೂರು ಸೆಕೆಂಡ್ ರೂಲಿಗಿ ಸೀಟಿ ಊದಿಸ್ಕೊಂಡು ಹೊರಗ ಬರ್ತಾನ ಅಷ್ಟೇ. ಅದಕ್ಕ ಇವನ್ನ ನಾ ರಿಂಗಿನ ಎದುರಿಗಿರೋ ಫ್ರೀ ಥ್ರೋ ಗೆರಿ ಹತ್ರ ನಿಲ್ಸಿ ಆಡಸ್ತೀನಿ, ಅಲ್ಲಿಂದ ಎಲ್ಲಾ ಅವನ ಎದುರಿಗೇ ಇರ್ತದ, ಎಲ್ಲರ ತಲಿ ಮ್ಯಾಲಿಂದ ಪಾಸ್ ಕೊಡ್ತಾನ. 6 ಅಡಿ 11 ಇಂಚಿನ ನಿಕೋಲಾ ಯೋಕಿಚ್ ಆಡೋದು ಹಿಂಗೇ, ಅವನ ವಿಡಿಯೋ ನಾವಿಬ್ರೂ ಕೂಡಿ ನೋಡ್ತೀವಿ. ಎಡಗಡಿ ಉಳಿದ ಕತ್ತಲ ಜಾಗಕ್ಕ ಅವ ತಾನೇ ಒಂದು ಉಪಾಯ ಕಂಡ್ಕೊಂಡಾನ, ಚೆಂಡು ಬರೋಕಿಂತ ಮೊದ್ಲು ಎಡಕ್ಕ ಒಮ್ಮೆ ತಲಿ ತಿರುಗಿಸಿ ನೋಡ್ಕೊಂತಾನ, ನಾ ಹೇಳಿಕೊಟ್ಟಿದ್ದಲ್ಲ.

ಈ ನಡುವ ಬಾಗಲಿಗಿ ಬ್ಯಾರೆ ಮಕ್ಕಳೂ ಬರಲಿಕತ್ಯಾರ. ಯಾದಗಿರಿ ಕಡಿಯಿಂದ ಒಂದು ಹುಡುಗಿ ಬಂದಿದ್ಳು, 14 ವರ್ಷಕ್ಕ 178 ಸೆಂಟಿಮೀಟರ್, ಅವರವ್ವಗ ನಮ್ ಹುಡುಗನ ಸುದ್ದಿ ಕೇಳಿ ಎದಿ ಒಡದಿತ್ತು. ಅಪ್ಪ 185, ಅವ್ವ 172, ಲೆಕ್ಕ ಹಾಕಿದ್ರ 172 ಬರ್ತದ, 180ರ ತನಕ ಸಹಜ. ಒಂದು ವರ್ಷದಿಂದ ಬೆಳವಣಿಗಿ ನಿಧಾನ ಆಗ್ಯದ, ತಲಿ ನೋವಿಲ್ಲ, ಪಕ್ಕದ ಬೆರಳು ಸರಿ ಕಾಣ್ತದ. ಒಮ್ಮೆ ಡಾಕ್ಟರಿಗಿ ತೋರ್ಸಿ, ನಾಳಿಂದ ಆಡಾಕ ಕಳಸ್ರಿ ಅಂತ ಹೇಳ್ದೆ.

ಹುಡುಗಂದು ಈಗಿನ ಎತ್ತರ 204, 6 ಅಡಿ 8 ಇಂಚು. ಆಪರೇಷನ್ ಆದ್ಮ್ಯಾಲ ವರ್ಷದ ಮ್ಯಾಲ ಆಗ್ಯದ, ಮೂರು ಸೆಂಟಿಮೀಟರ್ ಅಷ್ಟೇ ಬೆಳದಾನ. ಪಿಯುಸಿ ಕಾಮರ್ಸ್ ಓದ್ಲಿಕತ್ತಾನ, ಕಾಲೇಜ್ ಟೀಮಿನ್ಯಾಗ ಅದಾನ, ಮ್ಯಾಚಿಗಿ ಅರ್ಧಕ್ಕಿಂತ ಕಮ್ಮಿ ಹೊತ್ತು ಆಡಸ್ತೀವಿ. ರಾಜ್ಯ ಟೀಮಿನ ಟ್ರಯಲ್ಸಿಗಿ ಈ ವರ್ಷ ಕಳಸೋದೋ ಮುಂದಿನ ವರ್ಷಾನೋ ಅಂತ ಇನ್ನೂ ತೀರ್ಮಾನ ಆಗಿಲ್ಲ, ಜೂನ್‌ನ್ಯಾಗ ಎಂಆರ್‌ಐ ಅದ, ಅದರ ರಿಪೋರ್ಟ್ ನೋಡಿ ಡಾಕ್ಟ್ರು, ಅವರವ್ವ ಮತ್ತ ಅವ ಕೂಡಿ ಹೇಳ್ಬೇಕು. ಅವರಪ್ಪ ಹೋದ ವಾರ ಫೋನ್ ಮಾಡಿದ್ರು, ಎತ್ತರ ಎಷ್ಟಾಯ್ತು ಅಂತ ಕೇಳಲಿಲ್ಲ, ಗುಳಗಿ ಈ ತಿಂಗಳಿಗಿ ಸಾಲ್ತಾವೇನು ಅಂತ ಕೇಳಿದ್ರು.